ಯಾರ ಭಯಕ್ಕೆ ಯಾರ ನೆಲ

1946ರ ಫೆಬ್ರುವರಿಯ ಒಂದು ಭಾನುವಾರ. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಪ್ರಾರ್ಥನೆ ಮುಗಿಸಿ ಕೂತಿದ್ದವರನ್ನು ಅಮೆರಿಕದ ನೌಕಾಧಿಕಾರಿಯೊಬ್ಬ ಕೇಳಿದ: ಮನುಕುಲದ ಒಳಿತಿಗಾಗಿ ನಿಮ್ಮ ದ್ವೀಪವನ್ನು ಕೆಲಕಾಲ ಬಿಟ್ಟುಕೊಡುವಿರಾ? 167 ಮಂದಿ ಹಡಗು ಹತ್ತಿದರು. ಬೇಡವೆನ್ನುವ ಬಲವೇ ಇಲ್ಲದವರಿಂದ ಪಡೆದದ್ದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರನ್ನು ಇಳಿಸಿದ ರೊಂಗೆರಿಕ್‌ನಲ್ಲಿ ಹೊಟ್ಟೆಗೆ ಸಾಲದೆ ಸೊರಗಿದರು. 1958ರವರೆಗೆ ಬಿಕಿನಿಯೂ ಸೇರಿದ ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕದ 67 ಅಣುಪರೀಕ್ಷೆಗಳು ನಡೆದವು. 1954ರ ಮಾರ್ಚ್ 1ರ 'ಬ್ರಾವೊ' ಸ್ಫೋಟದ ಬಿಳಿ ಬೂದಿ ರೊಂಗೆಲಪ್ ದ್ವೀಪದ ಮೇಲೆ ಉದುರಿದಾಗ ಮಕ್ಕಳು ಅದರಲ್ಲೇ ಆಡಿದರು.

ಸೋವಿಯತ್ ಒಕ್ಕೂಟದ ಭಯ ಸುಳ್ಳಾಗಿರಲಿಲ್ಲ. ಆದರೆ ಭಯಪಟ್ಟದ್ದು ವಾಷಿಂಗ್ಟನ್, ಮನೆ ಕಳೆದುಕೊಂಡದ್ದು ಬಿಕಿನಿ.

ಬ್ರಾವೊ ಸಿಡಿದ ತಿಂಗಳೊಪ್ಪತ್ತಿನಲ್ಲೇ, ಏಪ್ರಿಲ್ 2ರಂದು, ನೆಹರೂ ನಮ್ಮ ಲೋಕಸಭೆಯಲ್ಲಿ ಎದ್ದುನಿಂತು ಅಣುಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವಾಗಲಿ ಎಂದು ಕೇಳಿದರು. ಬಾಂಬಿಲ್ಲದ ಬಡ ದೇಶದ ಆ ಮಾತನ್ನು ನೆನೆದರೆ ಇಂದಿಗೂ ಹೆಮ್ಮೆಯಾಗುತ್ತದೆ.

ಅರವತ್ತು ವರ್ಷಗಳ ನಂತರ, 2014ರಲ್ಲಿ, ಮಾರ್ಷಲ್ ದ್ವೀಪಗಳು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅಣ್ವಸ್ತ್ರ ಹೊಂದಿದ 9 ದೇಶಗಳ ಮೇಲೂ ದೂರು. ಪರಿಹಾರದ ಹಣ ಕೇಳಲಿಲ್ಲ. ನಿಶ್ಶಸ್ತ್ರೀಕರಣದ ಮಾತುಕತೆಗೆ ಪ್ರಾಮಾಣಿಕವಾಗಿ ಬನ್ನಿ ಎಂದಷ್ಟೇ ಕೇಳಿದವು. ಮೊಕದ್ದಮೆ ಮುಂದುವರಿದದ್ದು ಭಾರತ, ಪಾಕಿಸ್ತಾನ, ಬ್ರಿಟನ್‌ಗಳ ಮೇಲೆ ಮಾತ್ರ. ನ್ಯಾಯಾಲಯಕ್ಕೆ ಇದನ್ನು ವಿಚಾರಿಸುವ ಅಧಿಕಾರವಿಲ್ಲವೆಂದು ಭಾರತ ವಾದಿಸಿತು. 2016ರ ಅಕ್ಟೋಬರ್ 5ರಂದು 9 ನ್ಯಾಯಮೂರ್ತಿಗಳು ಹೌದೆಂದರು, 7 ಮಂದಿ ಅಲ್ಲವೆಂದರು. ಗೆದ್ದೆವು.

ಎರಡು ಗಡಿಗಳಲ್ಲಿ ಅಣ್ವಸ್ತ್ರವಿರುವ ನೆರೆಯವರನ್ನು ಇಟ್ಟುಕೊಂಡ ನಾಡಿನ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಬೂದಿ ಮೈಮೇಲೆ ಬಿದ್ದವರು ಮಾತಿಗೆ ಕರೆದಾಗ, ಇದು ನಿಮ್ಮ ವ್ಯಾಪ್ತಿಯಲ್ಲ ಎಂದು ನ್ಯಾಯಾಲಯಕ್ಕೆ ಹೇಳಿ ಎದ್ದುಬಂದದ್ದು ನನ್ನನ್ನು ಚುಚ್ಚುತ್ತದೆ.

ಈಗ ಅದೇ ಸಾಗರದಲ್ಲಿ ಚೀನಾ, ಅಮೆರಿಕಗಳ ಪೈಪೋಟಿ. 2022ರಲ್ಲಿ ಸಾಲೊಮನ್ ದ್ವೀಪಗಳು ಚೀನಾದೊಡನೆ ಭದ್ರತಾ ಒಪ್ಪಂದ ಮಾಡಿಕೊಂಡಾಗ ದೊಡ್ಡ ರಾಜಧಾನಿಗಳಲ್ಲಿ ಎಂಥ ಗಾಬರಿ! ಅದಕ್ಕೂ ಮೊದಲೇ, 2018ರ ಬೋಯ್ ಘೋಷಣೆಯಲ್ಲಿ, ಪೆಸಿಫಿಕ್ ನಾಯಕರು ತಮಗಿರುವ ಅತಿದೊಡ್ಡ ಬೆದರಿಕೆ ಹವಾಮಾನ ಬದಲಾವಣೆ ಎಂದು ಸಾರಿದ್ದರು. ಆಗ ಅಂಥ ಗಾಬರಿ ಕಾಣಲಿಲ್ಲ. ಭಾರತವೂ 2014ರಿಂದ ಈ ದ್ವೀಪಗಳ ನಾಯಕರ ಜೊತೆ ವೇದಿಕೆ ಕಟ್ಟಿಕೊಂಡು ಮಾತಾಡುತ್ತಿದೆ. ಚೀನಾದ ಹಡಗುಗಳ ಬಗ್ಗೆ ಅವರನ್ನು ವಿಚಾರಿಸುವ ಮೊದಲು, ಹೇಗ್‌ನಲ್ಲಿ ಅವರು ಕೇಳಿದ್ದಕ್ಕೆ ನಾವು ಉತ್ತರ ಕೊಡಬೇಕು.