ಸಭೆಯ ಜಮಾ-ಖರ್ಚು

ಬ್ಯಾಂಕಿನ ಗುಮಾಸ್ತನಿಗೆ ದೇವರ ಮನೆಯಲ್ಲಿಯೂ ರಜೆಯಿಲ್ಲ. ನಾಲ್ಕು ಜನ ಸೇರಿದ ಕಡೆ 'ಈ ಲೆಕ್ಕ ಒಂದಿಷ್ಟು ನೋಡ್ರಿ' ಎಂದು ಪುಸ್ತಕ ಮುಂದಿಡುತ್ತಾರೆ. ಜಹೀರಾಬಾದ್ ಸೀಮೆಯ ನಮ್ಮ ಚಿಕ್ಕ ಕ್ರೈಸ್ತ ಸಭೆಯ ವರ್ಷದ ಜಮಾ-ಖರ್ಚು ನನ್ನ ಕೈಗೆ ಬಂದದ್ದೂ ಹೀಗೆಯೇ.

ಕಾಸರಗೋಡಿನ ಓದುಗರಿಗೆ ನಮ್ಮ ಊರುಗಳ ಹೆಸರು ಹೊಸದಿರಬಹುದು, ಕಥೆ ಹೊಸದಲ್ಲ. 1956ರ ನವೆಂಬರ್ 1ರಂದು ನಿಮ್ಮ ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲ್ಬರ್ಗ ಜಿಲ್ಲೆಯ ತಾಂಡೂರು ಇವೆಲ್ಲ ಆಂಧ್ರಕ್ಕೆ ಸೇರಿದವು, 2014ರಿಂದ ತೆಲಂಗಾಣ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮತ್ತು ಉರ್ದು. ನಮ್ಮ ದಿನ ಹೀಗೆ ಸಾಗುತ್ತದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದೆ ತಾಳೆ ಬಿತ್ತು. ನನ್ನ ನಿದ್ದೆ ಕೆಡಿಸಿದ್ದು ಖರ್ಚಿನ ಬದಿ. ಕಾಂಪೌಂಡ್ ಗೋಡೆ ಮತ್ತು ಕಬ್ಬಿಣದ ಗೇಟು ವರ್ಷದ ಆದಾಯದ ಅರ್ಧಕ್ಕೂ ಹೆಚ್ಚನ್ನು ನುಂಗಿದ್ದವು. ಆಮೇಲೆ ಸೌಂಡ್ ಬಾಕ್ಸ್, ಕ್ರಿಸ್‌ಮಸ್ಸಿನ ಶಾಮಿಯಾನ, ಫ್ಲೆಕ್ಸು. 'ಬಡವರ ಸಹಾಯ' ಎಂದು ಒಂದು ಸಾಲಿತ್ತು. ಅದರ ಮೊತ್ತ ಫ್ಲೆಕ್ಸಿನದಕ್ಕಿಂತ ಕಡಿಮೆ. ಕನ್ನಡ ಹಾಡಿನ ಪುಸ್ತಕ, ಸಂಡೇ ಸ್ಕೂಲಿನ ಕನ್ನಡ ಪಾಠಗಳಿಗೆ ಸೊನ್ನೆಯೂ ಇರಲಿಲ್ಲ. ಸೊನ್ನೆ ಬರೆಯುವುದಕ್ಕೂ ಒಂದು ಕಲಂ ಬೇಕಲ್ಲ!

ನಮ್ಮ ಕೌಂಟರಿಗೆ ಬರುವ ಸಾಲದ ಅರ್ಜಿಯಲ್ಲಿ 'ಎಮ್ಮೆ ಕೊಳ್ಳಲು' ಎಂದಿರುತ್ತದೆ. ಆಮೇಲೆ ಪಾಸ್‌ಬುಕ್ ನೋಡಿದರೆ ಹಣ ಬೋರ್‌ವೆಲ್ಲಿನವನಿಗೆ ಹೋಗಿರುತ್ತದೆ. ಭಾನುವಾರ ನಾವು ಎದ್ದು ನಿಂತು ಹೇಳುವ ವಿಶ್ವಾಸಪ್ರಮಾಣ ನಮ್ಮ ಅರ್ಜಿ, ಈ ರಿಜಿಸ್ಟರು ನಮ್ಮ ಪಾಸ್‌ಬುಕ್ ಎನ್ನಿಸಿತು.

ಹಾಗೆಂದು ಕಲ್ಲು-ಗಾರೆಗೆ ಹಾಕಿದ್ದೆಲ್ಲ ದಂಡ ಎನ್ನುವವನು ನಾನಲ್ಲ. ಒಂದು ಕಾಲದಲ್ಲಿ ಎಂದಿದ್ದೆ. ಮೆದಕ್‌ನ ದೊಡ್ಡ ಚರ್ಚನ್ನು ಮೊದಲು ಕಂಡಾಗ 175 ಅಡಿಯ ಆ ಗೋಪುರದ ಕೆಳಗೆ ನಿಂತು, ಈ ಹಣದಲ್ಲಿ ಎಷ್ಟು ಬಾವಿ ತೋಡಿಸಬಹುದಿತ್ತು ಎಂದು ಲೆಕ್ಕ ಹಾಕಿದ್ದೆ. ಆಮೇಲೆ ತಿಳಿಯಿತು: ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅದನ್ನು ಕಟ್ಟಿಸಿದ್ದು ಕ್ಷಾಮದ ದಿನಗಳಲ್ಲಿ, ಹಸಿದ ಜನರಿಗೆ ಕೆಲಸ ಕೊಟ್ಟು, ಆ ಕೆಲಸದಿಂದ ಅನ್ನ ಹುಟ್ಟುವ ಹಾಗೆ. 1914ರಲ್ಲಿ ತೊಡಗಿದ ಕೆಲಸ. ಪ್ರತಿಷ್ಠೆಯಾದದ್ದು 1924ರ ಕ್ರಿಸ್‌ಮಸ್ ದಿನ. ಬಾವಿಯ ಲೆಕ್ಕ ಹಾಕುವಾಗ ನನಗೆ ಇನ್ನೊಂದು ನೆನಪಿರಲಿಲ್ಲ. ಬೇಥಾನ್ಯದ ಮನೆಯಲ್ಲಿ ಮರಿಯಳು ಸುಗಂಧ ತೈಲ ಸುರಿದಾಗ, ಇದನ್ನು ಮಾರಿ ಬಡವರಿಗೆ ಕೊಡಬಾರದಿತ್ತೇ ಎಂದು ಕೇಳಿದವನು ಹಣದ ಚೀಲ ಇಟ್ಟುಕೊಂಡಿದ್ದ ಯೂದನು. ಆ ಚೀಲದಂಥದೇ ಒಂದು ಈಗ ನನ್ನ ಕೈಯಲ್ಲಿದೆ.

ಆದರೂ ನಮ್ಮ ಗೋಡೆ ಮೆದಕ್‌ನ ಗೋಪುರವಲ್ಲ. ಅದು ಯಾರ ಹಸಿವಿಗಾಗಿಯೂ ಎದ್ದದ್ದಲ್ಲ, ಅಂಜಿಕೆಯಿಂದ ಎದ್ದದ್ದು. ಮೊದಲು ಬೇಸಿಗೆಯ ಮಧ್ಯಾಹ್ನ ಕಾಯಿಪಲ್ಲೆ ಮಾರುವ ಹೆಂಗಸರು ಬುಟ್ಟಿ ಇಳಿಸಿ ನಮ್ಮ ಅಂಗಳದ ಬೇವಿನ ನೆರಳಲ್ಲಿ ಕೂರುತ್ತಿದ್ದರು. ಅವರಲ್ಲಿ ಎಲ್ಲ ಮತದವರೂ ಇದ್ದರು. ಈಗ ಗೇಟಿಗೆ ಬೀಗ. ನೆರಳು ಒಳಗೆ, ಬುಟ್ಟಿ ಹೊರಗೆ.

ಭಾಷೆಯ ಕಲಮಿಗೆ ಬಂದರೆ, ಉದಾಹರಣೆ ನಿಮ್ಮ ಕರಾವಳಿಯದೇ. ಬಾಸೆಲ್ ಮಿಷನ್ನಿಗಾಗಿ 1855ರಲ್ಲಿ ಕಾರ್ಲ್ ಸರಾಸಿನ್ ಎಂಬವರು 'ಅರ್ಧ ಬಾಟ್ಸನ್' ಎಂಬ ವಂತಿಗೆಯನ್ನು ಆರಂಭಿಸಿದರು. ವಾರಕ್ಕೊಂದು ಪುಡಿ ನಾಣ್ಯ, ಬಡವರೂ ಕೊಡಬಹುದಾದಷ್ಟು. ಇಂಥ ಪುಡಿಗಾಸಿನ ಬಲವೂ ಇದ್ದ ಆ ಮಿಷನ್ನಿನ ಮಂಗಳೂರು ಮುದ್ರಣಾಲಯದಿಂದ 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟು, 1894ರಲ್ಲಿ ಕಿಟ್ಟೆಲ್‌ರ ಕನ್ನಡ ನಿಘಂಟು ಹೊರಬಂದವು. ಈ ವಾರ್ಷಿಕದ ಎರಡೂ ಭಾಷೆಗಳು ಆ ಋಣದಲ್ಲಿವೆ. ಅವರ ಉದ್ದೇಶ ಮತಪ್ರಚಾರವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕನ್ನಡದ ಒಂದಕ್ಷರವನ್ನೂ ಓದಲಾರದವರು ಆ ನಾಣ್ಯ ಕೊಟ್ಟರು. ಕನ್ನಡದಲ್ಲಿಯೇ ಪ್ರಾರ್ಥಿಸುವ ನಾವು ಒಂದು ಕಲಂ ಹಾಕಲಿಲ್ಲ.

ಇದನ್ನೆಲ್ಲ ಕಮಿಟಿಯಲ್ಲಿ ಹೇಳಿದೆ. ಹಿರಿಯರೊಬ್ಬರು, 'ಹುಡುಗ್ರು ಕನ್ನಡ ಓದಂಗಿಲ್ಲ ತಮ್ಮಾ, ಪುಸ್ತಕ ತರ್ಸಿ ಏನ್ ಮಾಡ್ತಿ?' ಎಂದರು. ಸಿಟ್ಟಿನಿಂದಲ್ಲ, ನೋವಿನಿಂದ. ಅವರ ಮೊಮ್ಮಗ ಕನ್ನಡದ ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾನೆ. ಹುಡುಗನ ದನಿ ಚೆನ್ನಾಗಿದೆ.

ಆದರೆ ನನ್ನ ಪಾಸ್‌ಬುಕ್ಕಿನ ಸಿದ್ಧಾಂತವನ್ನು ಕುಂಟಿಸಿದ್ದು ಮೂಲೆಯಲ್ಲಿ ಕೂತಿದ್ದ ಒಬ್ಬ ತಾಯಿ. 'ನಮ್ಮ ಮನಿಯವ್ರು ದವಾಖಾನಿಯಾಗ ಇದ್ದಾಗ ಸಭೀ ರೊಕ್ಕ ಬರ್ಲಿಲ್ಲ ಅಣ್ಣಾರ, ಸಭೀ ಮಂದಿ ಬಂದ್ರು. ಹದಿನೆಂಟು ದಿನ ಬುತ್ತಿ ತಪ್ಪಲಿಲ್ಲ' ಎಂದಳು. ಆ ಬುತ್ತಿ ಯಾವ ರಿಜಿಸ್ಟರಿನಲ್ಲೂ ಇಲ್ಲ. ನಮ್ಮಜ್ಜಿ ಬೀಸುವ ಮೊದಲು ದೇವರ ಪಾಲೆಂದು ಗಡಿಗೆಗೆ ಹಾಕುತ್ತಿದ್ದ ಹಿಡಿ ಜೋಳವೂ ಯಾವ ವೋಚರಿಗೆ ಸಿಕ್ಕಿದ್ದಲ್ಲ. ಬಸವಕಲ್ಯಾಣ ನಮಗೇನು ದೂರವಲ್ಲ. ದಾಸೋಹದ ಅರ್ಥ ನಮ್ಮ ಕ್ರೈಸ್ತ ಅಜ್ಜಿಯರಿಗೂ ಗೊತ್ತಿತ್ತು.

ಮನೆಗೆ ಬರುತ್ತ ಯೋಚಿಸಿದೆ. ಒಬ್ಬೊಬ್ಬರಾಗಿ ನಾವು ಧಾರಾಳಿಗಳು. ಹದಿನೆಂಟು ದಿನ ಬುತ್ತಿ ಒಯ್ದವರೇ ಕಮಿಟಿಯಲ್ಲಿ ಕೂತು ಗೋಡೆಗೆ ಕೈಯೆತ್ತಿದವರು. ನಾನೂ ಎತ್ತಿದ್ದೆ. ಒಟ್ಟಾಗಿ ಕೂತಾಗ ಮಾತ್ರ ನಮಗೇಕೆ ಅಂಜಿಕೆ ಬರುತ್ತದೆ? ಅಲ್ಪಸಂಖ್ಯಾತರಲ್ಲಿಯೂ ಅಲ್ಪಸಂಖ್ಯಾತರು ನಾವು. ಕಾರಣವೇ ಇಲ್ಲ ಎನ್ನಲಾರೆ. ಆದರೆ ಕೈಯೆತ್ತಿ ಎಲ್ಲರೂ ಕೂಡಿ ತೀರ್ಮಾನಿಸಿದ್ದನ್ನೇ ತಾನೆ ಸಭೆಯ ಖರ್ಚು ಎನ್ನುವುದು? ಬುತ್ತಿಯ ಪುಣ್ಯವನ್ನು ಗೋಡೆಯ ಲೆಕ್ಕಕ್ಕೆ ಜಮೆ ಮಾಡಲು ನನ್ನ ಕಸುಬು ಒಪ್ಪುವುದಿಲ್ಲ.

ಬರುವ ವರ್ಷದ ಅಂದಾಜಿನಲ್ಲಿ ಎರಡು ಹೊಸ ಸಾಲು ಬರೆದಿದ್ದೇನೆ: 'ದವಾಖಾನೆ' ಮತ್ತು 'ಕನ್ನಡ ಕಲಿಸಲು'. ಮೊತ್ತದ ಜಾಗ ಖಾಲಿ ಬಿಟ್ಟಿದ್ದೇನೆ. ನವೆಂಬರಿನ ಧಾರೂರು ಜಾತ್ರೆ ಮುಗಿಸಿ ಎಲ್ಲರೂ ಬಂದ ಮೇಲೆ ಕಮಿಟಿ ಸೇರುತ್ತದೆ. ಗೋಡೆಗೆ ಬಣ್ಣ ಹೊಡೆಯುವವನ ಕೊಟೇಶನ್ನು ಆಗಲೇ ಬಂದು ಅದೇ ಫೈಲಿನಲ್ಲಿ ಕೂತಿದೆ.