ಹೊಳೆಯ ಕೊನೆಯವರ ಪಾಲು

ಕಣ್ಣಿಗೆ ಕಾಣದವರಿಗೆ ನಾವು ಋಣಿಗಳಾಗಿರುವುದು ಸಾಧ್ಯವೆ? ರುದ್ರಪಟ್ಟಣದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕುಳಿತಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಹಿಂದೊಮ್ಮೆ ಮನೆಯ ಗೋಡೆಯೇರಿಸಲು ಈ ಹೊಳೆಯ ಮರಳನ್ನೇ ಎರಡು ಲಾರಿ ತರಿಸಿದೆನು. ಬೆಲೆ ಕೊಟ್ಟೆನಾದುದರಿಂದ ಋಣ ತೀರಿತೆಂದು ಆಗ ಭಾವಿಸಿದ್ದೆನು.

ಆದರೆ ಮರಳಿನ ಒಡೆಯರು ಯಾರು? ಮಲೆಯ ಮಣ್ಣನ್ನು ಸವೆಸಿ ನದಿಯು ಹೊತ್ತೊಯ್ದ ಮರಳೂ ಮೆಕ್ಕಲೂ ಕಡಲ ಬಳಿ ಹರಡಿಯೇ ತಂಜಾವೂರು, ನಾಗಪಟ್ಟಣಗಳ ಮುಖಜಭೂಮಿ ಹುಟ್ಟಿತು. ಅದರ ತುದಿಯಲ್ಲಿರುವ ಕೋಡಿಯಕ್ಕರೆಯ ಜೌಗಿಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಪಿಚಾವರದ ಕಾಂಡ್ಲಾ ಕಾಡಿನ ಬೇರುಗಳ ನಡುವೆ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ. ಇವು ಕ್ರಮವಾಗಿ 2002ರಲ್ಲೂ 2022ರಲ್ಲೂ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿದವು. ಇಂಥ ಭೂಮಿಯು ತನ್ನ ಭಾರದಿಂದಲೇ ಮೆಲ್ಲನೆ ಕುಸಿಯುವುದು; ವರ್ಷವರ್ಷದ ಹೊಸ ಮೆಕ್ಕಲೇ ಅದನ್ನು ಎತ್ತಿ ನಿಲ್ಲಿಸತಕ್ಕದ್ದು. ಸಿಹಿನೀರು ಕುಗ್ಗಿದರೆ ಉಪ್ಪು ಒಳನುಗ್ಗುವುದು. ಅದನ್ನು ಸಹಿಸಬಲ್ಲ ಕೆಲವೇ ಗಿಡಗಳು ಉಳಿಯುವುವು. ಅಲ್ಲಿಯ ಉಪ್ಪಿನ ಗದ್ದೆಗಳೂ ಸೀಗಡಿಯ ಕೊಳಗಳೂ ಮಿಕ್ಕುದನ್ನು ಒತ್ತುವುವು.

ಇಲ್ಲಿ ಪೂರ್ವಪಕ್ಷವೊಂದುಂಟು. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೂ, ಅದಕ್ಕೂ ಮೇಲೆ ನಮ್ಮ ಕನ್ನಂಬಾಡಿಯೂ ಮರಳನ್ನು ತಡೆದಿರಲಾಗಿ, ನನ್ನ ಎರಡು ಲಾರಿ ಕಡಲನ್ನು ಮುಟ್ಟುತ್ತಿತ್ತೆ? ಮೇಲಾಗಿ, ಹಕ್ಕಿಗಾಗಿ ಮನುಷ್ಯನು ಹಸಿಯಬೇಕೆ? ಈ ಮಾತು ತಳ್ಳಿಹಾಕತಕ್ಕುದಲ್ಲ. ಮಂಡ್ಯದ ಬಯಲನ್ನು ಕಂಡವನು ಅಣೆಕಟ್ಟನ್ನು ಶಪಿಸಲಾರನು. ರಂಗನತಿಟ್ಟಿನ ನಡುಗಡ್ಡೆಗಳು ಸಹ 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಕಟ್ಟೆಯಿಂದಲೇ ಮೂಡಿದವು; ಸಲೀಂ ಅಲಿಯವರ ಮಾತಿನಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಆದುದರಿಂದ ಕಟ್ಟುವುದೇ ಪಾಪವಲ್ಲ.

ಹಾಗಾದರೆ ದೋಷವೆಲ್ಲಿ? ಎಲ್ಲವೂ ನನ್ನದೆಂಬ ಭಾವದಲ್ಲಿ. ಗೃಹಸ್ಥನ ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಉಂಡು ಮಿಕ್ಕುದನ್ನು ಎಸೆಯುವುದು ಯಜ್ಞವಲ್ಲ. ಉಣ್ಣುವ ಮುನ್ನ ಪ್ರಾಣಿಗಳ ಪಾಲನ್ನು ತೆಗೆದಿಡುವುದು ಯಜ್ಞ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯು 740 ಟಿಎಂಸಿ ನೀರನ್ನು ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿಯನ್ನು ಬೇರೆಯಾಗಿ ಇಟ್ಟಿತು. ಪಾಲು ಅಲ್ಪವೇ ಸರಿ. ಆದರೆ ಹೊಳೆಯ ಲೆಕ್ಕದಲ್ಲಿ ಭೂತಯಜ್ಞಕ್ಕೂ ಒಂದು ಸಾಲು ದೊರೆಯಿತು. ಅದನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ನಮ್ಮ ಬಯಕೆಗಳ ಕೈಯಲ್ಲಿದೆ.

ನೆರೆಯ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನೆಂದು ಯಾರೂ ಮೀನು ಹಿಡಿಯರು. ನಾನೂ ಅಲ್ಲಿ ಪುರಿ ಹಾಕಿದವನೇ. ಕಾಣುವ ಮೀನಿಗೆ ಪುರಿ ಹಾಕಿದ ಕೈಯೇ ಕಾಣದ ಹಕ್ಕಿಯ ಪಾಲನ್ನು ಮನೆಗೆ ತಂದಿತು. ನಾನೊಬ್ಬನು ಬಿಟ್ಟಿದ್ದರೆ ಫಲವೇನೆಂಬ ಪ್ರಶ್ನೆಯು ಯಜ್ಞ ಮಾಡುವವನದಲ್ಲ, ವ್ಯಾಪಾರಿಯದು.

ಈಚೆಗೆ ಮಗನು ಮೇಲೊಂದು ಮಾಳಿಗೆ ಕಟ್ಟಿಸುವೆನೆಂದನು. ಹೊಳೆಯ ಮರಳು ಬೇಡವೆಂದೆನು. "ಎಂ-ಸ್ಯಾಂಡ್ ತರಿಸಿದರೆ ಅದು ಬೆಟ್ಟವನ್ನೊಡೆದದ್ದಲ್ಲವೆ, ಅಪ್ಪ?" ಎಂದು ಕೇಳಿದನು. ನನಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಚಿಕ್ಕದಾಗಿ ಕಟ್ಟಿಸು, ಮಗು" ಎಂದೆನು.