ಆರರ ಪೂರ್ಣತೆಯೂ ಷಟ್‌ಸ್ಥಲವೂ

ನಂದಗುಡಿಯ ಸದ್ಭಕ್ತರೊಬ್ಬರ ಮನೆಯಲ್ಲಿ ನಡೆದ ಅನುಭಾವ ಗೋಷ್ಠಿಯಲ್ಲಿ ಷಟ್‌ಸ್ಥಲವನ್ನು ಕುರಿತು ಮಾತನಾಡುತ್ತ, ಆರೆಂಬ ಸಂಖ್ಯೆಯ ಹಿರಿಮೆಯನ್ನೂ ನಾನು ಕೊಂಚ ಉತ್ಸಾಹದಿಂದಲೇ ಬಣ್ಣಿಸಿದೆನು. ಆರನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕವಾದ ಸಂಖ್ಯೆಗಳು 1, 2, 3. ಇವನ್ನು ಕೂಡಿದರೂ ಆರು, ಗುಣಿಸಿದರೂ ಆರು. ಹೀಗೆ ತನ್ನ ಭಾಗಗಳ ಮೊತ್ತಕ್ಕೆ ತಾನೇ ಸಮನಾದುದನ್ನು ಗಣಿತಜ್ಞರು ಪರಿಪೂರ್ಣ ಸಂಖ್ಯೆಯೆಂದು ಕರೆಯುತ್ತಾರೆ. ಎಂಟರ ಭಾಗಗಳು 1, 2, 4, ಕೂಡಿದರೆ ಏಳೇ. ಹನ್ನೆರಡರ ಭಾಗಗಳು ಕೂಡಿ ಹದಿನಾರಾಗುತ್ತವೆ. ಆರರಲ್ಲಿ ಕೊರತೆಯೂ ಇಲ್ಲ, ಮಿಗತೆಯೂ ಇಲ್ಲ. “ಆದುದರಿಂದಲೇ ಸ್ಥಲಗಳು ಆರು” ಎಂದುಬಿಟ್ಟೆನು.

ಸಭೆ ತಲೆದೂಗಿತು. ಹಿರಿಯ ಗೃಹಸ್ಥರೊಬ್ಬರು ಮಾತ್ರ, “ಅಯ್ಯನವರೇ, ಇಪ್ಪತ್ತೆಂಟೂ ಹಾಗೆಯೇ ಅಲ್ಲವೇ? ಸ್ಥಲಗಳು ಅಷ್ಟೇಕಿಲ್ಲ?” ಎಂದರು.

ನಿಜವೇ. 1, 2, 4, 7, 14 ಕೂಡಿ 28. ಮುಂದಿನವು 496 ಮತ್ತು 8128. ಇಂಥವನ್ನು ಪಡೆಯುವ ಕ್ರಮವೊಂದನ್ನು ಕ್ರಿ.ಪೂ. 300ರ ಸುಮಾರಿನಲ್ಲಿಯೇ ಗ್ರೀಕ್ ಗಣಿತಜ್ಞ ಯೂಕ್ಲಿಡನು ಹೇಳಿದ್ದನು. 2024ರಲ್ಲಿ ಐವತ್ತೆರಡನೆಯದು ದೊರಕಿತು. ಬೆಸ ಸಂಖ್ಯೆಗಳಲ್ಲಿ ಒಂದಾದರೂ ಪರಿಪೂರ್ಣವಾದುದು ಉಂಟೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸಂಖ್ಯೆಯಲ್ಲಿ ಕಂಡ ಸೊಗಸನ್ನು ಧರ್ಮದ ಸತ್ಯಕ್ಕೆ ಸಾಕ್ಷಿಯಾಗಿ ನಿಲ್ಲಿಸಬಹುದೆ? ಐದನೆಯ ಶತಮಾನದಲ್ಲಿ ಕ್ರೈಸ್ತಸಂತ ಆಗಸ್ಟೀನನು, ಆರು ಪೂರ್ಣವಾದುದರಿಂದಲೇ ದೇವರು ಆರು ದಿನಗಳಲ್ಲಿ ಸೃಷ್ಟಿಯನ್ನು ಮುಗಿಸಿದನೆಂದು ಬರೆದನು. ಅವನ ಸಾಕ್ಷಿಯೂ ಅದೇ, ನನ್ನ ಸಾಕ್ಷಿಯೂ ಅದೇ! ಕರೆದವರೆಲ್ಲರ ಪರವಾಗಿ ನುಡಿಯುವ ಸಾಕ್ಷಿಯನ್ನು ಯಾವ ನ್ಯಾಯಸ್ಥಾನ ಒಪ್ಪೀತು? ಅಲ್ಲದೆ, ಷಟ್‌ಸ್ಥಲವನ್ನೇ ವಿಸ್ತರಿಸಿ ನಮ್ಮ ಹಿರಿಯರು ಏಕೋತ್ತರ ಶತಸ್ಥಲವನ್ನು ಹೇಳಿದ್ದಾರೆ. ಆ 101 ಅವಿಭಾಜ್ಯ ಸಂಖ್ಯೆ. ಅದರ ಭಾಗಗಳನ್ನು ಕೂಡಿದರೆ ಬರಿಯ ಒಂದು. ಅದರಿಂದ ಆ ಸ್ಥಲಗಳಿಗೆ ಕುಂದು ಬಂದಿತೆನ್ನುವವರುಂಟೇ?

ಇನ್ನೊಂದು ಎಚ್ಚರವೂ ಬೇಕು. ಆರು, ಮೂವತ್ತಾರು, ಇನ್ನೂರ ಹದಿನಾರು, ಹೀಗೆ ಎಷ್ಟು ಬಾರಿ ಆರರಿಂದ ಗುಣಿಸಿದರೂ ಕೊನೆಯ ಅಂಕಿ ಆರೇ. ಇದನ್ನೂ ಒಂದು ಪವಾಡದಂತೆ ಹೇಳುವುದುಂಟು. ಆದರೆ ಬಳೆಗಾರನ ಡಜನ್ ಲೆಕ್ಕದಲ್ಲಿ ಮೂವತ್ತಾರೆಂದರೆ ಮೂರು ಡಜನ್, ಕೊನೆಯಲ್ಲಿ ಉಳಿಯುವುದು ಸೊನ್ನೆ. ಆ ಆರು ನಮ್ಮ ಹತ್ತು ಬೆರಳುಗಳ ಎಣಿಕೆಯಿಂದ ಬಂದುದು. ಆರರ ಪೂರ್ಣತೆ ಹಾಗಲ್ಲ. ಯಾವ ಕ್ರಮದಲ್ಲಿ ಎಣಿಸಿದರೂ ಅದು ಕೆಡದು. ಅಷ್ಟರ ಮಟ್ಟಿಗೆ ಅದು ಸತ್ಯ, ಸುಂದರವೂ ಹೌದು.

ನನ್ನ ತಪ್ಪಿನ ಬೇರು ಇನ್ನೂ ಆಳದಲ್ಲಿತ್ತು. ಗಣಿತದ ಪೂರ್ಣತೆಯಲ್ಲಿ ಭಾಗವು ಇಡಿಗಿಂತ ಚಿಕ್ಕದು. ಒಂದು, ಎರಡು, ಮೂರು ಬೇರೆಬೇರೆಯಾಗಿ ಕೊರೆಯೇ, ಕೂಡಿದಾಗ ಮಾತ್ರ ಆರು. ಸ್ಥಲಗಳ ಬಗೆ ಬೇರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಈ ಒಂದೊಂದರಲ್ಲಿಯೂ ಆರೂ ಅಡಗಿರುವುದರಿಂದಲೇ ಅವು ಮೂವತ್ತಾರಾಗಿ, ಇನ್ನೂರ ಹದಿನಾರಾಗಿ ಬಿಚ್ಚಿಕೊಳ್ಳುತ್ತವೆ. ಭಕ್ತಸ್ಥಲದಲ್ಲಿ ನಿಂತವನು ಆರನೆಯ ಒಂದು ಪಾಲನ್ನು ಪಡೆದವನಲ್ಲ. ಅವನ ಭಕ್ತಿಯೊಳಗೆ ಐಕ್ಯವೂ ಬೀಜವಾಗಿದೆ. ಭಾಗಗಳನ್ನು ಕೂಡಿ ಇಡಿಯನ್ನು ಪಡೆಯುವ ಲೆಕ್ಕವನ್ನು ಇಲ್ಲಿಗೆ ತಂದು, ಪ್ರತಿಯೊಂದು ಸ್ಥಲವನ್ನೂ ನಾನೇ ತುಂಡು ಮಾಡಿದ್ದೆನು.

ಮುಂದಿನ ಗೋಷ್ಠಿಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡೆನು. ಹಿರಿಯರು ನಕ್ಕರು. ಅವರ ಮೊಮ್ಮಗಳು ಆ ವೇಳೆಗೆ ಪಡಸಾಲೆಯಲ್ಲಿ ಕುಳಿತು 496ರ ಭಾಗಗಳನ್ನು ಬಳಪದಲ್ಲಿ ಬರೆದು ಕೂಡುತ್ತಿದ್ದಳು. 248ನ್ನು ಬಿಟ್ಟಿದ್ದಳಾಗಿ ಮೊತ್ತ ಸರಿಹೋಗದೆ, ಒರಸಿ ಮತ್ತೆ ಮೊದಲಿನಿಂದ ಬರೆಯತೊಡಗಿದಳು.